ಹಂಚಿಗೆ ಹುಳ ಹಿಡಿಯುವುದಿಲ್ಲ

ಅಮೆರಿಕದ ಮಿಷಿಗನ್ ಸರೋವರದಲ್ಲಿ 1886ರಲ್ಲಿ ಮುಳುಗಿದ್ದ ‘ಎಫ್.ಜೆ. ಕಿಂಗ್’ ಎಂಬ ಹಾಯಿಹಡಗು 2025ರ ಜೂನ್‌ನಲ್ಲಿ ಸಿಕ್ಕಿತು. ಆ ಸುದ್ದಿಯನ್ನು ಅಜ್ಜಿಗೆ ಓದಿ ಹೇಳಿದೆ. ಕಬ್ಬಿಣದ ಅದಿರು ತುಂಬಿಕೊಂಡು ಷಿಕಾಗೊಗೆ ಹೊರಟಿದ್ದ 144 ಅಡಿಯ ಮರದ ಹಡಗು, ಇಷ್ಟು ವರ್ಷವಾದರೂ ಒಡಲು ಹೆಚ್ಚುಕಡಿಮೆ ಇಡಿಯಾಗಿಯೇ ಇದೆ ಎಂದಾಗ ಅಜ್ಜಿ ಕೇಳಿದ್ದು ಒಂದೇ ಮಾತು: ‘ಅಲ್ಲಿ ಹುಳ ಇಲ್ವಾ ಮಗಾ?’

ಅಜ್ಜಿಯ ಅಪ್ಪ ಮಂಜಿಯಲ್ಲಿ ಕಲಾಸಿಯಾಗಿದ್ದವರು. ಮಂಜಿ ಎಂದರೆ ನಮ್ಮ ಕರಾವಳಿಯ ಸರಕಿನ ಹಾಯಿಹಡಗು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮಂಗಳೂರು ಹಂಚು ಮುಂಬೈ, ಗುಜರಾತಿನ ಕಡೆಗೆ ಹೋಗಿದ್ದು ಹೆಚ್ಚಾಗಿ ಇವುಗಳಲ್ಲೇ. ಒಂದು ಮೇ ತಿಂಗಳ ಗಾಳಿಗೆ ಅವರ ಮಂಜಿ ಉಚ್ಚಿಲದ ಎದುರಿಗೇ ಮುಳುಗಿತಂತೆ. ಅವರು ಈಜಿ ದಡ ಸೇರಿದರು. ಜೊತೆಗಿದ್ದ ಇಬ್ಬರು ಬರಲಿಲ್ಲ. ಸಾಯುವವರೆಗೂ ಅವರು ಸಂಜೆ ಹೊತ್ತು ಕಡಲಿಗೆ ಬೆನ್ನು ಹಾಕಿ ಕೂತದ್ದಿಲ್ಲ ಎನ್ನುತ್ತಾರೆ ಅಜ್ಜಿ.

ಅಜ್ಜಿಯ ಪ್ರಶ್ನೆ ಸರಿಯೇ. ಉಪ್ಪು ನೀರಿನಲ್ಲಿ ಮರ ಕೊರೆಯುವ ಟೆರಿಡೋ ಹುಳು (ಅದು ಹುಳುವೂ ಅಲ್ಲ, ನಾವು ಸಾರು ಮಾಡುವ ಮರುವಾಯಿಯ ದೂರದ ನೆಂಟ) ಆ ಸಿಹಿನೀರ ಸರೋವರದಲ್ಲಿಲ್ಲ. ನೀರೂ ತಣ್ಣಗೆ ಕೊರೆಯುತ್ತದೆ. ನಮ್ಮವರು ದೋಣಿಯ ತಳಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದದ್ದು ಇದೇ ಹುಳುವಿನ ಭಯಕ್ಕೆ.

ಹಾಗಾದರೆ ನಮ್ಮ ಮಂಜಿ ಪೂರ್ತಿ ಹೋಯಿತೇ? ಎಲೆಕ್ಟ್ರಾನಿಕ್ಸ್ ಓದುವ ನನಗೆ ಹೊಳೆದದ್ದು ಇಷ್ಟು: ಹುಳು ಮರ ತಿನ್ನುತ್ತದೆ, ಹಂಚು ತಿನ್ನುವುದಿಲ್ಲ. ಹಂಚಿನ ರಾಶಿ ಹೂಳಿನಲ್ಲಿ ಮುಚ್ಚಿಹೋಗದಿದ್ದರೆ ಸೋನಾರ್‌ಗೆ ಕಂಡೀತು.

ಎಲ್ಲಿ ಹುಡುಕುವುದು? ‘ಕಿಂಗ್’ ದಡದಿಂದ ಐದು ಮೈಲಿ ದೂರದಲ್ಲಿ ಮುಳುಗಿತೆಂದು ಅದರ ಕ್ಯಾಪ್ಟನ್ ಹೇಳಿದ್ದ. ನೀರಿನ ಮೇಲೆ ಕೂವೆಕಂಬಗಳು ದಡಕ್ಕೆ ಹತ್ತಿರದಲ್ಲೇ ಕಂಡವೆಂದು ಹೇಳಿದ್ದವನು ಅಲ್ಲಿನ ದೀಪಸ್ತಂಭದ ಕಾವಲುಗಾರ. ಕೊನೆಗೆ ಹಡಗು ಸಿಕ್ಕಿದ್ದು ಕಾವಲುಗಾರ ಹೇಳಿದ ಜಾಗದಿಂದ ಅರ್ಧ ಮೈಲಿಯೊಳಗೆ.

ನಮಗೂ 1901ರ ಕಾಪು ದೀಪಸ್ತಂಭವಿದೆ. ‘ಮುಳುಗುವಾಗ ದೀಪ ಯಾವ ಬದಿಗಿತ್ತು ಅಂತ ಅಪ್ಪ ಹೇಳಿದ್ರಾ?’ ಎಂದು ಕೇಳಿದೆ. ಅಜ್ಜಿ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಬಲಗಡೆ. ಈಜುವಾಗ ಎಡಗಡೆ ಬಂತಂತೆ’ ಎಂದರು.

ಬಲೆ ಸಿಕ್ಕಿ ಹರಿಯುವ ಜಾಗಗಳನ್ನು ನಮ್ಮ ಬೋಟಿನವರು ಜಿಪಿಎಸ್‌ನಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಈ ಭಾನುವಾರ ಮಲ್ಪೆಗೆ ಹೋಗಿ ಮಾವನ ಬೋಟಿನಿಂದ ಆ ಪಟ್ಟಿ ಬರೆದುಕೊಂಡು ಬರಬೇಕು.