ಚಳಿಗಾಲದ ಟೈರ್: ಅಕ್ಷರ ಒಂದು, ಹೊಣೆ ದೊಡ್ಡದು

ಉದ್ಯೋಗಕ್ಕಾಗಿ ಜರ್ಮನಿಗೆ ತೆರಳಿದ ನಮ್ಮವರ ಮಕ್ಕಳಿಗೆ ಅಲ್ಲಿ ಕಾರು ಕೊಂಡ ಮೊದಲ ವರ್ಷವೇ ಎದುರಾಗುವುದು ಚಳಿಗಾಲದ ಟೈರಿನ ಪ್ರಶ್ನೆ. ಹಿಮ, ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಅಂಥ ಟೈರ್ ಕಡ್ಡಾಯ. 2024ರ ಅಕ್ಟೋಬರ್‌ನಿಂದ ಪರ್ವತದೊಳಗೆ ಹಿಮಕಣದ ಚಿತ್ರವಿರುವ ಟೈರ್‌ಗಳಿಗೆ ಮಾತ್ರ ಮಾನ್ಯತೆ. ತಪ್ಪಿದರೆ ಕನಿಷ್ಠ 60 ಯೂರೋ ದಂಡ.

ಟೈರಿನ ಬದಿಯಲ್ಲಿ ಅಳತೆಯ ಕೊನೆಗಿರುವ ಅಕ್ಷರ ವೇಗದ ಮಿತಿಯನ್ನು ಸೂಚಿಸುತ್ತದೆ. ಕ್ಯೂ ಎಂದರೆ ಗಂಟೆಗೆ 160 ಕಿ.ಮೀ., ಟಿ 190, ಎಚ್ 210, ವಿ 240. ಕಾರಿನ ಗರಿಷ್ಠ ವೇಗಕ್ಕಿಂತ ಕಡಿಮೆ ಮಿತಿಯ ಟೈರ್ ಸಾಮಾನ್ಯವಾಗಿ ಸಲ್ಲದು. ಚಳಿಗಾಲದ ಟೈರಿಗೆ ಮಾತ್ರ ರಿಯಾಯಿತಿಯುಂಟು. ಆದರೆ ಆ ಮಿತಿ ಬರೆದ ಚೀಟಿ ಚಾಲಕನ ಕಣ್ಣೆದುರು ಇರಬೇಕು, ಆ ವೇಗ ಮೀರಬಾರದು.

ಅಪಘಾತವಾದರೆ ಎದುರಿನವರ ನಷ್ಟವನ್ನು ಕಡ್ಡಾಯ ವಿಮೆ ಭರಿಸುತ್ತದೆ. ಸ್ವಂತ ಕಾರಿನ ವಿಮೆ ಹಾಗಲ್ಲ. ತಕ್ಕ ಟೈರ್ ಇಲ್ಲದ್ದು ಘೋರ ನಿರ್ಲಕ್ಷ್ಯವೆಂದು ಕಂಡುಬಂದರೆ ಪರಿಹಾರದಲ್ಲಿ ಕಡಿತವಾಗಬಹುದು. ಆದುದರಿಂದ ಟೈರ್ ಬದಲಿಸುವ ಮುನ್ನ ಕಾರಿನ ದಾಖಲೆ ನೋಡಿ, ಸಂಶಯವಿದ್ದರೆ ವಿಮಾ ಕಂಪೆನಿಯಿಂದ ಲಿಖಿತ ಉತ್ತರ ಪಡೆಯುವುದು ಲೇಸು. ಇಲ್ಲಿಂದ ಫೋನ್ ಮಾಡುವ ಹೆತ್ತವರು ಊಟ, ಆರೋಗ್ಯ ವಿಚಾರಿಸುವಾಗ ಈ ಮಾತನ್ನೂ ಮಕ್ಕಳ ಕಿವಿಗೆ ಹಾಕಿದರೆ ಒಳಿತು.