ಕೋವಿಯ ನಳಿಗೆಯನ್ನು ಯಾವುದರಿಂದ ತೊಳೆಯಬೇಕು?

ಪ್ರತಿ ವರ್ಷವೂ ಸೆಪ್ಟೆಂಬರಿನ ಆರಂಭದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಹಬ್ಬ ನಡೆಯುತ್ತದೆ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಶುಚಿಮಾಡಿ, ಅಗ್ನಿಶಿಖೆಯ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕೊಡವ ಭಾಷೆಯಲ್ಲಿ ಈ ಹೂವಿಗೆ ‘ತೋಕ್ ಪೂ’, ಎಂದರೆ ಕೋವಿಯ ಹೂ, ಎಂದೇ ಹೆಸರು. ಮಳೆಗಾಲದ ಬೇಸಾಯ ನಡೆಯುವಷ್ಟು ಕಾಲ ಆಯುಧಗಳನ್ನು ಒಳಗಿರಿಸಿ, ನಾಟಿ ಮುಗಿದ ಮೇಲೆ ಹೊರತೆಗೆಯುವುದು ಹಿಂದಿನಿಂದ ಬಂದ ಪದ್ಧತಿ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಅಜ್ಜನ ಕಾಲದ ಕೋವಿ ಮೊಮ್ಮಗನ ಕೈಗೆ ಬರುವ ನಾಡು ಅದು.

ತಿಂಗಳುಗಟ್ಟಲೆ ಜಡಿಮಳೆಯ ತೇವದಲ್ಲಿದ್ದ ಕೋವಿಯನ್ನು ಹೊರತೆಗೆದಾಗ ಅದರ ನಳಿಗೆ ಹೊಳೆಯುತ್ತಿರುವುದೋ, ತುಕ್ಕು ಹಿಡಿದಿರುವುದೋ? ಇದನ್ನು ಬಹುಮಟ್ಟಿಗೆ ನಿರ್ಧರಿಸುವುದು, ಕೊನೆಯ ಬಾರಿ ಹಾರಿಸಿದ ಮೇಲೆ ನಳಿಗೆಯನ್ನು ಯಾವ ದ್ರವದಿಂದ ತೊಳೆದರು ಎಂಬ ಸಂಗತಿ. ಎನ್.ಸಿ.ಸಿ.ಯಲ್ಲಿ .22 ರೈಫಲಿನೊಳಗೆ ಚಿಂದಿಬಟ್ಟೆ ಎಳೆದಿರುವ ನಮ್ಮ ವಿದ್ಯಾರ್ಥಿ ವಾಚಕರಿಗೂ ಈ ಪ್ರಶ್ನೆ ಹೊಸದಲ್ಲ. ಇದರ ಉತ್ತರ ಅಂಗಡಿಯ ಸೀಸೆಗಳ ಮೇಲಿನ ಹೆಸರುಗಳಲ್ಲಿಲ್ಲ. ಭೌತ ಮತ್ತು ರಸಾಯನ ಶಾಸ್ತ್ರಗಳ ಕೆಲವು ಸರಳ ನಿಯಮಗಳಲ್ಲಿದೆ.

ಕೊಳೆ ಒಂದೇ ಬಗೆಯದಲ್ಲ

ಗುಂಡು ಹಾರಿದ ನಳಿಗೆಯಲ್ಲಿ ಉಳಿಯುವ ಕಶ್ಮಲಗಳು ಮುಖ್ಯವಾಗಿ ಮೂರು ಬಗೆಯವು. ಅರೆಬೆಂದ ಮದ್ದಿನ ಇಂಗಾಲದ ಮಸಿ ಮತ್ತು ಹಳೆಯ ಎಣ್ಣೆಯ ಜಿಡ್ಡು ಒಂದು ಬಗೆ, ಲವಣಗಳು ಎರಡನೆಯದು, ಗುಂಡಿನಿಂದ ಉಜ್ಜಿ ಅಂಟಿಕೊಂಡ ಸೀಸ ಅಥವಾ ತಾಮ್ರ ಮೂರನೆಯದು. ರೈಫಲಿನ ಒಳಮೈಯಲ್ಲಿ ಸುರುಳಿಯಾಗಿ ಕೊರೆದ ತೋಡುಗಳಿರುವುದರಿಂದ ಕೊಳೆ ಅಲ್ಲಿ ಇನ್ನೂ ಭದ್ರವಾಗಿ ಕೂರುತ್ತದೆ. ಮೂರನ್ನೂ ಒಂದೇ ದ್ರವ ಸಮನಾಗಿ ಕರಗಿಸಲಾರದು.

ಕಾರಣವನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಒಂದು ಲೋಟ ನೀರಿಗೂ ಒಂದು ಲೋಟ ಸೀಮೆಎಣ್ಣೆಗೂ ಒಂದೊಂದು ಚಿಟಿಕೆ ಉಪ್ಪು ಹಾಕಿ ಕಲಕಿರಿ. ನೀರಿನಲ್ಲಿ ಉಪ್ಪು ಮಾಯವಾಗುತ್ತದೆ. ಸೀಮೆಎಣ್ಣೆಯಲ್ಲಿ ಎಷ್ಟು ಕಲಕಿದರೂ ತಳದಲ್ಲಿಯೇ ನಿಲ್ಲುತ್ತದೆ. ನೀರಿನ ಅಣುವಿನ ಒಂದು ಕಡೆ ಕೊಂಚ ಋಣವಿದ್ಯುತ್ತೂ ಇನ್ನೊಂದು ಕಡೆ ಕೊಂಚ ಧನವಿದ್ಯುತ್ತೂ ಇರುತ್ತವೆ. ಆದುದರಿಂದ ಅದು ಉಪ್ಪಿನ ಹರಳಿನಲ್ಲಿರುವ ಅಯಾನುಗಳನ್ನು ಸೆಳೆದು ಬಿಡಿಸಬಲ್ಲದು. ಸೀಮೆಎಣ್ಣೆಯ ಅಣುಗಳಿಗೆ ಈ ಶಕ್ತಿಯಿಲ್ಲ. ಆದರೆ ಜಿಡ್ಡು ಅದರ ಜಾತಿಯದೇ ಆದುದರಿಂದ ಸುಲಭವಾಗಿ ಅದರಲ್ಲಿ ಬೆರೆಯುತ್ತದೆ. ಸಮಾನವು ಸಮಾನವನ್ನು ಕರಗಿಸುತ್ತದೆ ಎಂಬ ಹಳೆಯ ಸೂತ್ರದ ಅರ್ಥ ಇಷ್ಟೇ.

ಉಪ್ಪು ಎಲ್ಲಿಂದ ಬಂತು?

ಕೇಪಿನ ಕೋವಿಗೆ ತುಂಬುವ ಕರಿಮದ್ದಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ ಇರುತ್ತವೆ. ಇದು ಉರಿದಾಗ ತೂಕದ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗದೆ ಘನಪದಾರ್ಥವಾಗಿಯೇ ಉಳಿಯುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್ ಮತ್ತು ಸಲ್ಫೈಡ್‌ಗಳು ಅದರಲ್ಲಿ ಮುಖ್ಯವಾದವು. ಇವೆಲ್ಲ ನೀರಿನಲ್ಲಿ ಕರಗುವಂಥವು. 

ಹೊಗೆಯಿಲ್ಲದ ಮದ್ದು ಬಂದ ಮೇಲೆ ಈ ತೊಂದರೆ ತಪ್ಪಬೇಕಾಗಿತ್ತು. ಆದರೆ ಎಷ್ಟು ಚೆನ್ನಾಗಿ ಎಣ್ಣೆ ಸವರಿಟ್ಟರೂ ಕೆಲವು ದಿನಗಳಲ್ಲಿಯೇ ನಳಿಗೆಗಳು ತುಕ್ಕು ಹಿಡಿಯುತ್ತಿದ್ದವು. 1922ರಲ್ಲಿ ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬವರು ಈ ಒಗಟನ್ನು ಬಿಡಿಸಿದರು. ತಪ್ಪು ಮದ್ದಿನದಲ್ಲ, ಅದನ್ನು ಹೊತ್ತಿಸುವ ಕೇಪಿನದು. ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟು, ನಮ್ಮ ಅಡಿಗೆ ಉಪ್ಪಿನ ದಾಯಾದಿಯಾದ ಪೊಟ್ಯಾಸಿಯಂ ಕ್ಲೋರೈಡಾಗಿ ನಳಿಗೆಯಲ್ಲಿ ಹರಡಿಕೊಳ್ಳುತ್ತಿತ್ತು. ಅದರ ಮೇಲೆ ಎಣ್ಣೆ ಸವರುವುದೆಂದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ.

ಮಾರ್ಚಿಯಲ್ಲಿಲ್ಲದ ತುಕ್ಕು ಜುಲೈಯಲ್ಲಿ ಏಕೆ?

ಒಣಗಿದ ಉಪ್ಪು ಕಬ್ಬಿಣಕ್ಕೆ ಅಷ್ಟೇನೂ ಕೆಡುಕು ಮಾಡದು. ಒದ್ದೆಯಾದ ಉಪ್ಪು ಮಾಡುತ್ತದೆ. ಪ್ರತಿಯೊಂದು ಲವಣಕ್ಕೂ ಗಾಳಿಯ ಆರ್ದ್ರತೆಯಲ್ಲಿ ಒಂದು ಗಡಿಯಿದೆ. ಅದನ್ನು ದಾಟಿದೊಡನೆ ಲವಣವು ಗಾಳಿಯ ತೇವವನ್ನು ಹೀರಿ ತಾನೇ ನೀರಾಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಈ ಗಡಿ ಪೊಟ್ಯಾಸಿಯಂ ಕಾರ್ಬೊನೇಟಿಗೆ ಶೇಕಡ 43ರಷ್ಟು, ಅಡಿಗೆ ಉಪ್ಪಿಗೆ 75ರಷ್ಟು, ಪೊಟ್ಯಾಸಿಯಂ ಕ್ಲೋರೈಡಿಗೆ ಸುಮಾರು 85. ಮಾರ್ಚಿಯ ಮಧ್ಯಾಹ್ನ ಬೆಂಗಳೂರಿನ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಆರ್ದ್ರತೆ 43ಕ್ಕಿಂತ ಕೆಳಗಿಳಿಯುವುದು ಸಾಮಾನ್ಯ; ಜುಲೈಯ ಮಡಿಕೇರಿಯಲ್ಲಿ ಅದು 85ನ್ನು ಮೀರಿ ದಿನಗಟ್ಟಲೆ ನಿಲ್ಲುತ್ತದೆ. ಒಂದೇ ಕೋವಿ, ಒಂದೇ ಕೊಳೆ. ಫಲ ಮಾತ್ರ ಬೇರೆ.

ಹೀಗೆ ಹುಟ್ಟಿದ ಉಪ್ಪುನೀರಿನ ಪೊರೆ ವಿದ್ಯುದ್ವಾಹಕ. ಉಕ್ಕಿನ ಮೈಮೇಲೆ ಅಸಂಖ್ಯ ಪುಟ್ಟ ವಿದ್ಯುತ್ಕೋಶಗಳು ಏರ್ಪಟ್ಟು ಕಬ್ಬಿಣ ಕರಗತೊಡಗುತ್ತದೆ. ಕ್ಲೋರೈಡು ಅಯಾನುಗಳು ಉಕ್ಕಿನ ಮೇಲಿನ ತೆಳುವಾದ ರಕ್ಷಕ ಪೊರೆಯನ್ನೂ ಅಲ್ಲಲ್ಲಿ ಭೇದಿಸಿ ಕುಳಿಗಳನ್ನು ಮಾಡುತ್ತವೆ. ಕುಳಿಯಲ್ಲಿ ಮತ್ತಷ್ಟು ಕೊಳೆ ನಿಲ್ಲುತ್ತದೆ. ಒಮ್ಮೆ ಬಿದ್ದ ಕುಳಿಯನ್ನು ಯಾವ ದ್ರಾವಣವೂ ತುಂಬಲಾರದು.

ಆದುದರಿಂದ ಕರಿಮದ್ದಿಗೂ ಹಳೆಯ ಕ್ಲೋರೇಟು ಕೇಪಿನ ತೋಟಾಗಳಿಗೂ ಮೊದಲ ಮದ್ದು ಬಿಸಿನೀರು. .303 ರೈಫಲಿನ ಕಾಲದ ಸಿಪಾಯಿಗಳು ಆಲಿಕೆಯಿಟ್ಟು ನಳಿಗೆಯೊಳಕ್ಕೆ ಕುದಿನೀರು ಹೊಯ್ಯುತ್ತಿದ್ದುದು ಇದಕ್ಕಾಗಿಯೇ. ಬಿಸಿನೀರಿನಿಂದ ಎರಡು ಲಾಭ: ಲವಣ ಬೇಗ ಕರಗುತ್ತದೆ, ಕಾದ ಲೋಹದ ಮೇಲೆ ಉಳಿದ ತೇವವೂ ಬೇಗ ಆರುತ್ತದೆ. ನೀರಿಗೆ ಕೊಂಚ ಸಾಬೂನು ಸೇರಿಸಿದರೆ ಅದರ ಮೇಲ್ಮೈ ಸೆಳೆತ ಇಳಿದು, ಅದು ಸಣ್ಣ ಸಂದುಗಳಿಗೂ ಇಳಿಯುತ್ತದೆ. ತೊಳೆದು ಪೂರ್ತಿ ಒಣಗಿಸಿದ ಮೇಲೆ ಎಣ್ಣೆಯ ತೆಳುವಾದ ಲೇಪ. ಈ ಕ್ರಮ ಹಿಂದುಮುಂದಾಗಬಾರದು.

ಮಸಿ ಮತ್ತು ಲೋಹ

ಈಗಿನ ತೋಟಾಗಳಲ್ಲಿ ಬಹುಪಾಲಿನ ಕೇಪುಗಳು ಕ್ಲೋರೇಟಿಲ್ಲದವು. ಅಲ್ಲಿ ಮಸಿ ಮತ್ತು ಜಿಡ್ಡೇ ಮುಖ್ಯ ಕೊಳೆ. ಇದಕ್ಕೆ ಸೀಮೆಎಣ್ಣೆಯಂಥ ಖನಿಜತೈಲ ಸಾಕು. ಆಯುಧಪೂಜೆಗೆ ಮುನ್ನ ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತುಗಳನ್ನು ಒರೆಸುವುದರ ಹಿಂದೆ ಇರುವುದೂ ಇದೇ ತತ್ತ್ವ.

ಲೋಹದ ವಿಷಯ ಬೇರೆ. ತಾಮ್ರವನ್ನು ಎಣ್ಣೆಯೂ ಕರಗಿಸದು, ನೀರೂ ಕರಗಿಸದು. ಅಮೋನಿಯವು ಗಾಳಿಯ ಆಮ್ಲಜನಕದ ನೆರವಿನಿಂದ ತಾಮ್ರದೊಡನೆ ಕೂಡಿ, ನೀರಿನಲ್ಲಿ ಕರಗುವ ಕಡುನೀಲಿ ಸಂಯುಕ್ತವಾಗುತ್ತದೆ. ಚಿಂದಿಬಟ್ಟೆಗೆ ನೀಲಿ ಬಣ್ಣ ಬಂದರೆ ನಳಿಗೆಯಲ್ಲಿ ತಾಮ್ರವಿದೆಯೆಂದು ತಿಳಿಯಬೇಕು. ಹಿತ್ತಾಳೆಯ ಕುಂಚ ಬಳಸಿದರೆ ಅದರ ತಾಮ್ರವೂ ಹೀಗೆಯೇ ಬಣ್ಣ ಕೊಡುತ್ತದೆಂಬುದನ್ನು ಮರೆಯಬಾರದು.

ಅಮೋನಿಯ ಹಿತ್ತಾಳೆಗೆ ಶತ್ರು ಎಂಬುದಕ್ಕೆ ಸಾಕ್ಷಿ ನಮ್ಮ ದೇಶದ ಚರಿತ್ರೆಯಲ್ಲಿಯೇ ಇದೆ. ಬ್ರಿಟಿಷರ ಕಾಲದಲ್ಲಿ ಕುದುರೆ ಲಾಯಗಳ ಬಳಿ ಇರಿಸಿದ ಹಿತ್ತಾಳೆಯ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರುಕುಬಿಡುತ್ತಿದ್ದವು. ಕುದುರೆಗಳ ಮೂತ್ರದಿಂದೇಳುವ ಅಮೋನಿಯವೂ ಹಿತ್ತಾಳೆಯಲ್ಲಿ ಅಡಗಿದ್ದ ಬಿಗುವೂ ಸೇರಿ ಹೀಗಾಗುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬ ಸಂಶೋಧಕರು ತೋರಿಸಿಕೊಟ್ಟರು. ಆದುದರಿಂದ ಅಮೋನಿಯದ ದ್ರಾವಣವನ್ನು ತೋಟಾಗಳಿಂದ ದೂರವಿಡಬೇಕು. ನಳಿಗೆಯಲ್ಲಿಯೂ ನಿಲ್ಲಲು ಬಿಡದೆ ಒರೆಸಿ ತೆಗೆಯಬೇಕು.

ಎನ್.ಸಿ.ಸಿ.ಯ .22 ಗುಂಡು ಸೀಸದ್ದು. ಅದರ ಮೇಲೆ ಅಮೋನಿಯ ನಡೆಯದು. ಕುಂಚದಿಂದ ಉಜ್ಜಿಯೇ ತೆಗೆಯಬೇಕು. ವಿನೆಗರನ್ನೂ ಹೈಡ್ರೊಜನ್ ಪೆರಾಕ್ಸೈಡನ್ನೂ ಬೆರೆಸಿ ಸೀಸವನ್ನು ಕರಗಿಸುವ ಉಪಾಯವನ್ನು ಕೆಲವರು ಹೇಳುವುದುಂಟು. ಸೀಸ ಕರಗುವುದು ನಿಜ. ಆದರೆ ಹುಟ್ಟುವ ಸೀಸದ ಅಸಿಟೇಟು ಚರ್ಮದ ಮೂಲಕವೂ ಮೈಗೆ ಸೇರಬಲ್ಲ ವಿಷ. ಆ ದಾರಿ ಬೇಡ.

ಎಚ್ಚರಿಕೆ

ಮೊದಲು ಕೋವಿಯಲ್ಲಿ ತೋಟಾ ಇಲ್ಲವೆಂದು ಬಲ್ಲವರು ಕಣ್ಣಾರೆ ನೋಡಬೇಕು. ತೊಳೆಯುವ ಸ್ಥಳದಲ್ಲಿ ಗಾಳಿಯಾಡುತ್ತಿರಬೇಕು, ಬೆಂಕಿ ಹತ್ತಿರವಿರಬಾರದು. ಕೆಲಸ ಮುಗಿದ ಮೇಲೆ ನಳಿಗೆಯ ಮೂಲಕ ಬೆಳಕು ನೋಡಬೇಕು. ಒಳಗೆ ಉಳಿದ ಒಂದು ಚಿಂದಿ ಮುಂದಿನ ಈಡಿನಲ್ಲಿ ನಳಿಗೆಯನ್ನೇ ಸಿಡಿಸೀತು. ಕೈತೊಳೆಯದೆ ಊಟಕ್ಕೆ ಕೂರಬಾರದು.

ಕೋವಿಯಿಲ್ಲದ ವಿದ್ಯಾರ್ಥಿಗಳೂ ಈ ತತ್ತ್ವವನ್ನು ಪರೀಕ್ಷಿಸಬಹುದು. ಎರಡು ಹೊಸ ಮೊಳೆಗಳನ್ನು ಉಪ್ಪುನೀರಿನಲ್ಲಿ ಅದ್ದಿ ಒಣಗಿಸಿರಿ. ಒಂದಕ್ಕೆ ಹಾಗೆಯೇ ಎಣ್ಣೆ ಸವರಿರಿ. ಇನ್ನೊಂದನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಸವರಿರಿ. ಎರಡನ್ನೂ ಬಚ್ಚಲುಮನೆಯ ಗೂಡಿನಲ್ಲಿ ಕೆಲವು ವಾರ ಇಟ್ಟು ಹೋಲಿಸಿ ನೋಡಿರಿ. ದ್ರಾವಣವನ್ನು ಆರಿಸುವ ಮುನ್ನ ಕೊಳೆ ಯಾವುದೆಂದು ಏಕೆ ಕೇಳಬೇಕೆಂಬುದು ಆಗ ಸ್ಪಷ್ಟವಾಗುತ್ತದೆ.