ಹಗುರ ಕಾರಿನ ಕಾಲವು ಮುಗಿಯಿತೆ?

ಮೋಟಾರು ಕಾರನ್ನು ಕೊಳ್ಳಹೊರಟ ಗೃಹಸ್ಥನು ಕೇಳುವ ಪ್ರಶ್ನೆಗಳು ಹಲವು. ಬೆಲೆಯೆಷ್ಟು, ಒಂದು ಲೀಟರು ಎಣ್ಣೆಗೆ ಎಷ್ಟು ದೂರ ಓಡೀತು, ಎಷ್ಟು ಮಂದಿ ಕುಳಿತುಕೊಳ್ಳಬಹುದು ಎಂದೆಲ್ಲ ಆತನು ವಿಚಾರಿಸುತ್ತಾನೆ. ಕಾರಿನ ತೂಕವೆಷ್ಟೆಂದು ಕೇಳುವವರನ್ನು ನಾವು ಕಂಡುದು ಅಪೂರ್ವ. ಆದರೂ ಕಾರಿನ ಗುಣದೋಷಗಳಲ್ಲಿ ಬಹುಭಾಗವು ಆ ಒಂದು ಅಂಕಿಯಲ್ಲಿಯೇ ಅಡಗಿರುವುದು. ಕೈಗೆಟಕುವ ಬೆಲೆ, ಹಗುರವಾದ ಮೈ, ನಡೆಸುವವನಿಗೆ ಉಲ್ಲಾಸ, ಈ ಮೂರು ಗುಣಗಳೂ ಒಂದೇ ಕಾರಿನಲ್ಲಿ ಕೂಡಿದ್ದ ಕಾಲವೊಂದಿತ್ತೆಂದೂ ಅದು ಗತಿಸಿಹೋಯಿತೆಂದೂ ಕಾರುಗಳನ್ನು ಬಲ್ಲವರು ಹಲುಬುತ್ತಾರೆ. ಈ ಮಾತಿನಲ್ಲಿ ನಿಜವೆಷ್ಟು, ಹಳೆಯದರ ಮೇಲಣ ಮೋಹವೆಷ್ಟು ಎಂಬುದನ್ನು ನಮ್ಮ ವಾಚಕರೊಡನೆ ವಿಚಾರ ಮಾಡಬೇಕೆಂದಿದ್ದೇವೆ.

ಮೊದಲು, ಹಗುರವಾದುದರಲ್ಲಿ ಸೊಗಸೇಕೆ ಎಂಬುದನ್ನು ತಿಳಿಯಬೇಕು. ಹೇರು ಹೊತ್ತ ಎತ್ತಿನ ಬಂಡಿಗೂ ಬರಿದಾದ ಬಂಡಿಗೂ ಇರುವ ಭೇದವನ್ನು ಹಳ್ಳಿಯ ಹುಡುಗನೂ ಬಲ್ಲನು. ಹೇರಿನ ಬಂಡಿಯು ಹೊರಡಲು ತಡ, ನಿಲ್ಲಲು ತಡ, ತಿರುವಿನಲ್ಲಿ ಅಂಜಿಕೆ. ಕಾರಿಗೂ ಇದೇ ನಿಯಮ. ಹಗುರವಾದ ಕಾರು ಸಣ್ಣ ಎಂಜಿನಿನಿಂದಲೇ ಚುರುಕಾಗಿ ಓಡುವುದು; ಸಣ್ಣ ಬ್ರೇಕಿಗೆ ಒಡನೆ ನಿಲ್ಲುವುದು; ಸ್ಟೀರಿಂಗ್ ಚಕ್ರವನ್ನು ತಿರುಗಿಸಲು ಯಂತ್ರದ ನೆರವು ಬೇಕಾಗದುದರಿಂದ ನೆಲದ ಏರುತಗ್ಗುಗಳ ಸುದ್ದಿಯು ನೆಟ್ಟಗೆ ಕೈಗೆ ಮುಟ್ಟುವುದು. ಘಟ್ಟದ ತಿರುವಿನಲ್ಲಿ ಗಂಟೆಗೆ ೪೦ ಕಿಲೋಮೀಟರು ವೇಗದಲ್ಲಿಯೇ ಅಂತಹ ಕಾರು ಕೊಡುವ ಸಂತೋಷವನ್ನು ಭಾರವಾದ ಕಾರು ಇಮ್ಮಡಿ ವೇಗದಲ್ಲಿಯೂ ಕೊಡಲಾರದು. ವೇಗವು ಬೇರೆ, ಉಲ್ಲಾಸವು ಬೇರೆ.

ಈ ತತ್ತ್ವಕ್ಕೆ ಮಿನಿ ಎಂಬ ಆಂಗ್ಲ ಕಾರು ಒಳ್ಳೆಯ ನಿದರ್ಶನ. ೧೯೫೬ರಲ್ಲಿ ಸೂಯೆಜ್ ಕಾಲುವೆಯ ತಂಟೆಯಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಬರವುಂಟಾಯಿತು. ಅಲ್ಪ ಎಣ್ಣೆಯಲ್ಲಿ ನಾಲ್ವರನ್ನು ಕರೆದೊಯ್ಯಬಲ್ಲ ಚಿಕ್ಕ ಕಾರೊಂದನ್ನು ನಿರ್ಮಿಸುವ ಕೆಲಸವು ಅಲೆಕ್ ಇಸಿಗೊನಿಸ್ ಎಂಬ ಶಿಲ್ಪಿಯ ಪಾಲಿಗೆ ಬಂದಿತು. ಆತನು ಎಂಜಿನನ್ನು ಅಡ್ಡಲಾಗಿ ಇರಿಸಿ, ಗೇರುಗಳ ಪೆಟ್ಟಿಗೆಯನ್ನು ಅದರ ಅಡಿಗೆ ಸೇರಿಸಿ, ಚಕ್ರಗಳನ್ನು ನಾಲ್ಕು ಮೂಲೆಗಳಿಗೆ ತಳ್ಳಿದನು. ಹತ್ತೇ ಅಡಿ ಉದ್ದದ ಆ ಕಾರಿನಲ್ಲಿ ನೆಲದ ಹೆಚ್ಚಿನ ಭಾಗವೆಲ್ಲ ಮನುಷ್ಯರಿಗೂ ಅವರ ಸಾಮಾನಿಗೂ ದೊರೆಯಿತು. ೧೯೫೯ರ ಆಗಸ್ಟಿನಲ್ಲಿ ಅದು ಹೊರಬಂದಾಗ ಎಂಜಿನು ೮೪೮ ಸಿಸಿ, ಶಕ್ತಿ ೩೪ ಅಶ್ವಬಲ, ತೂಕ ಸುಮಾರು ೬೦೦ ಕಿಲೋಗ್ರಾಮು, ಬೆಲೆ ೫೦೦ ಪೌಂಡಿಗೆ ತುಸು ಕಡಿಮೆ. ಬಾಗಿಲನ್ನು ಒಳಗಿನಿಂದ ತೆರೆಯಲು ಒಂದು ತಂತಿ ಮಾತ್ರ. ಕಿಟಕಿಯ ಗಾಜು ಪಕ್ಕಕ್ಕೆ ಸರಿಯುವಂತಹುದು. ಮಿತವ್ಯಯಕ್ಕಾಗಿ ಹುಟ್ಟಿದ ಈ ಬಡ ಕಾರು ತಿರುವುಗಳಲ್ಲಿ ದೊಡ್ಡ ಕಾರುಗಳನ್ನು ನಾಚಿಸಿತು. ಜಾನ್ ಕೂಪರ್ ಎಂಬುವನು ಅದಕ್ಕೆ ಹೆಚ್ಚಿನ ಬಲವನ್ನು ಕೂಡಿಸಲು, ಅದು ೧೯೬೪, ೧೯೬೫ ಮತ್ತು ೧೯೬೭ರಲ್ಲಿ ಮಾಂಟೆ ಕಾರ್ಲೊ ಪಂದ್ಯವನ್ನು ಗೆದ್ದಿತು. ೨೦೦೦ದಲ್ಲಿ ತಯಾರಿಯು ನಿಲ್ಲುವ ವೇಳೆಗೆ ೫೩ ಲಕ್ಷಕ್ಕೂ ಮೇಲ್ಪಟ್ಟು ಮಿನಿಗಳು ಹೊರಬಿದ್ದಿದ್ದವು.

ನಮ್ಮ ದೇಶದಲ್ಲಿ ಈ ಬಗೆಯ ಅನುಭವವನ್ನು ಸಾಮಾನ್ಯ ಸಂಸಾರಗಳಿಗೆ ತಂದುದು ಮಾರುತಿ ೮೦೦. ೧೯೮೩ರ ಡಿಸೆಂಬರಿನಲ್ಲಿ ಐವತ್ತು ಸಾವಿರ ರೂಪಾಯಿಗಳ ಆಸುಪಾಸಿನ ಬೆಲೆಗೆ ಬಂದ ಆ ಕಾರಿನ ಎಂಜಿನು ೭೯೬ ಸಿಸಿ. ತೂಕವು ೬೫೦ ಕಿಲೋಗ್ರಾಮಿನ ಸಮೀಪ. ಆ ವರೆಗೆ ಅಂಬಾಸಡರಿನ ಗೇರನ್ನು ಎಳೆದಾಡಿ ಬೇಸತ್ತವರಿಗೆ ಅದು ಹೂವಿನಂತೆ ತೋರಿತು. ಲಕ್ಷಾಂತರ ಮಂದಿ ಕಾರು ನಡೆಸಲು ಕಲಿತುದು ಅದರಲ್ಲಿಯೇ. ೨೦೧೪ರಲ್ಲಿ ಅದರ ತಯಾರಿಯೂ ನಿಂತುಹೋಯಿತು.

ಇನ್ನು ಹೆಸರು ಉಳಿದು ಮೈ ಬೆಳೆದವುಗಳ ಕಥೆಯನ್ನು ನೋಡೋಣ. ೧೯೫೭ರ ಫಿಯೆಟ್ ೫೦೦ ಸುಮಾರು ೫೦೦ ಕಿಲೋಗ್ರಾಮು ತೂಗುತ್ತಿತ್ತು. ಅದೇ ಹೆಸರಿನಿಂದ ೨೦೦೭ರಲ್ಲಿ ಬಂದುದು ೮೫೦ನ್ನು ಮೀರಿತು. ೧೯೭೬ರ ಗಾಲ್ಫ್ ಜಿಟಿಐ ೮೦೦ ಕಿಲೋಗ್ರಾಮಿಗೆ ತುಸು ಮೇಲಿತ್ತು. ಇಂದಿನದು ೧,೪೦೦ನ್ನು ದಾಟಿದೆ. ಹೊಸ ಒಡೆಯರ ಕೈಯಲ್ಲಿ ೨೦೦೧ರಲ್ಲಿ ಮರುಹುಟ್ಟು ಪಡೆದ ಮಿನಿಯು ಮೊದಲೇ ಸಾವಿರವನ್ನು ಮೀರಿ, ಮುಂದೆ ಇನ್ನೂ ಬೆಳೆಯಿತು. ಭಾರವು ಭಾರವನ್ನೇ ಕರೆಯುವುದು. ಮೈ ದಪ್ಪವಾದರೆ ದೊಡ್ಡ ಎಂಜಿನು ಬೇಕು. ಅದನ್ನು ತಡೆಯಲು ದೊಡ್ಡ ಬ್ರೇಕು, ಅದಕ್ಕೊಪ್ಪುವ ಅಗಲವಾದ ಟೈರು, ಆ ಟೈರನ್ನು ತಿರುಗಿಸಲು ಸ್ಟೀರಿಂಗಿಗೆ ಯಂತ್ರದ ನೆರವು. ಹೀಗೆ ಬೆಲೆಯೂ ಏರುವುದು, ನೆಲದ ಸುದ್ದಿಯೂ ಕೈಯಿಂದ ದೂರವಾಗುವುದು. ವಿದ್ಯುತ್ ಕಾರುಗಳಿಗಾದರೋ ಬ್ಯಾಟರಿಯೊಂದರಿಂದಲೇ ನೂರಾರು ಕಿಲೋಗ್ರಾಮು ಕೂಡುವುದು.

ಇದನ್ನೆಲ್ಲ ಕಾರಿನ ಕಂಪೆನಿಗಳ ದುರಾಶೆಯೆಂದು ಬೈದರೆ ನ್ಯಾಯವಾಗದು. ಈ ಭಾರದಲ್ಲಿ ಒಂದು ಭಾಗವು ಪ್ರಾಣದ ಬೆಲೆ. ೧೯೯೭ರಲ್ಲಿ ಯೂರೋಪಿನಲ್ಲಿ ಕಾರುಗಳನ್ನು ಢಿಕ್ಕಿ ಹೊಡೆಸಿ ಪರೀಕ್ಷಿಸಿ ಫಲಿತಾಂಶವನ್ನು ಪ್ರಕಟಿಸುವ ಪದ್ಧತಿಯು ಮೊದಲಾದಾಗ, ಅಗ್ಗದ ಚಿಕ್ಕ ಕಾರಾದ ರೋವರ್ ೧೦೦ಕ್ಕೆ ದೊರೆತುದು ಒಂದೇ ನಕ್ಷತ್ರ. ಬಹುಬೇಗನೆ ಅದರ ತಯಾರಿಯು ನಿಂತಿತು. ೨೦೧೪ರಲ್ಲಿ ನಮ್ಮ ದೇಶದ ಐದು ಜನಪ್ರಿಯ ಚಿಕ್ಕ ಕಾರುಗಳನ್ನು, ಏರ್‌ಬ್ಯಾಗ್ ಇಲ್ಲದ ಅಗ್ಗದ ಮಾದರಿಗಳಲ್ಲಿ, ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಪರೀಕ್ಷಿಸಲಾಗಿ ಐದಕ್ಕೂ ಬಂದುದು ಸೊನ್ನೆ. ಹಿಂದಿನ ಹಗುರ ಕಾರುಗಳ ಸೊಗಸನ್ನು ಹೊಗಳುವಾಗ, ಅವುಗಳ ತಗಡಿಗೂ ಕುಳಿತವನ ಎದೆಗೂ ನಡುವೆ ಹೆಚ್ಚೇನೂ ಇರಲಿಲ್ಲವೆಂಬುದನ್ನು ಮರೆಯಬಾರದು. ಮಕ್ಕಳನ್ನು ಹಿಂದೆ ಕೂಡಿಸಿಕೊಂಡು ಹೆದ್ದಾರಿಗೆ ಹೋಗುವ ತಂದೆತಾಯಿಗಳು ಏರ್‌ಬ್ಯಾಗನ್ನೂ ಗಟ್ಟಿಯಾದ ಚೌಕಟ್ಟನ್ನೂ ಬಯಸುವುದು ಸರ್ವಥಾ ಯುಕ್ತವೆಂದೇ ನಾವು ಹೇಳುತ್ತೇವೆ.

ಆದರೆ ಕೂಡಿದ ಭಾರವೆಲ್ಲ ರಕ್ಷಣೆಗಾಗಿಯೇ ಬಂದುದಲ್ಲ. ಮೋಟಾರಿನಿಂದ ಸರಿಯುವ ಆಸನ, ತೆರೆಯುವ ಗಾಜಿನ ಮಾಡು, ನೋಟಕ್ಕೆಂದು ಹಿಗ್ಗಿಸಿದ ಚಕ್ರ, ಎತ್ತರವಾದ ಮೈ, ಇವು ಬಹುಮಟ್ಟಿಗೆ ಠೀವಿಯ ಸಾಮಗ್ರಿ. ನಮ್ಮ ದೇಶದಲ್ಲಿ ಈಗ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಎಸ್‌ಯುವಿ ಎಂಬ ಎತ್ತರದ ಜಾತಿಗೆ ಸೇರಿದವು. ಎತ್ತರದಲ್ಲಿ ಕುಳಿತವರಿಗೆ ಧೈರ್ಯವೇನೋ ಉಂಟು. ಆದರೆ ರಸ್ತೆಯಲ್ಲಿರುವವರು ಅವರಷ್ಟೇ ಅಲ್ಲ. ೨೦೨೨ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ ೧,೬೮,೦೦೦ಕ್ಕೂ ಮೇಲ್ಪಟ್ಟ ಜನರಲ್ಲಿ ಹೆಚ್ಚಿನವರು ದ್ವಿಚಕ್ರ ವಾಹನಗಳವರು ಮತ್ತು ಪಾದಚಾರಿಗಳು. ಒಂದೇ ವೇಗದಲ್ಲಿ ಬರುವ ಕಾರಿನ ತೂಕವು ಇಮ್ಮಡಿಯಾದರೆ ಅದರ ಪೆಟ್ಟಿನ ಶಕ್ತಿಯೂ ಇಮ್ಮಡಿ. ನನ್ನ ಮನೆಯವರ ರಕ್ಷಣೆಗೆಂದು ನಾನು ಕೊಂಡ ಭಾರವು ನೆರೆಮನೆಯ ಹುಡುಗನ ಸೈಕಲ್ಲಿಗೆ ಮೃತ್ಯುವಾಗಬಹುದೆಂಬುದನ್ನು ಪ್ರತಿಯೊಬ್ಬ ಗೃಹಸ್ಥನೂ ಮನಸ್ಸಿಗೆ ತಂದುಕೊಳ್ಳಬೇಕು.

ರಕ್ಷಣೆಗೂ ಲಾಘವಕ್ಕೂ ಹುಟ್ಟುಹಗೆಯಿಲ್ಲವೆಂಬುದಕ್ಕೆ ನಿದರ್ಶನಗಳಿವೆ. ಜಪಾನಿನ ಮಾಜ್ದಾ ಕಂಪೆನಿಯು ೧೯೮೯ರಲ್ಲಿ ಹೊರತಂದ ಎಂಎಕ್ಸ್-೫ ಎಂಬ ಇಬ್ಬರು ಕೂಡುವ ಕಾರು ಆಗ ಸುಮಾರು ೯೫೦ ಕಿಲೋಗ್ರಾಮು ತೂಗುತ್ತಿತ್ತು. ಕುದುರೆಯೂ ಸವಾರನೂ ಒಂದಾಗಬೇಕೆಂಬುದು ಅದರ ನಿರ್ಮಾಪಕರ ಆದರ್ಶ. ಮೂವತ್ತೈದು ವರ್ಷಗಳ ಮೇಲೆ, ಏರ್‌ಬ್ಯಾಗ್ ಮುಂತಾದ ರಕ್ಷಣೆಗಳೆಲ್ಲ ಸೇರಿದ ಬಳಿಕವೂ ಅದಕ್ಕೆ ಕೂಡಿದ ಭಾರ ಸುಮಾರು ನೂರು ಕಿಲೋಗ್ರಾಮು ಮಾತ್ರ. ಒಂದೊಂದು ಗ್ರಾಮಿಗೂ ಲೆಕ್ಕವಿಟ್ಟುದರ ಫಲವಿದು. ಆದರೆ ಅದು ಸಂಸಾರದ ಕಾರಲ್ಲ, ಅಗ್ಗವೂ ಅಲ್ಲ, ನಮ್ಮ ದೇಶದಲ್ಲಿ ಕಂಪೆನಿಯಿಂದ ಮಾರಾಟಕ್ಕೂ ಇಲ್ಲ. ಇಲ್ಲಿಯೇ ದೊರೆಯುವ ಸ್ವಿಫ್ಟನ್ನು ನೋಡಿ. ೨೦೦೫ರಲ್ಲಿ ಅದು ಸುಮಾರು ಒಂದು ಟನ್ನು ತೂಗುತ್ತಿತ್ತು. ೨೦೨೪ರಲ್ಲಿ ಬಂದುದು ಆರು ಏರ್‌ಬ್ಯಾಗುಗಳನ್ನು ಹೊತ್ತೂ ಅದಕ್ಕಿಂತ ಹಗುರ. ಗಟ್ಟಿಯಾದ ಉಕ್ಕನ್ನು ತೆಳುವಾಗಿ ಬಳಸುವ ವಿದ್ಯೆಯು ಇದನ್ನು ಸಾಧಿಸಿತು.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು. ಆ ಮೂರು ಗುಣಗಳಲ್ಲಿ ಯಾವುದೂ ಸತ್ತಿಲ್ಲ. ಆದರೆ ಮೂರೂ ಒಂದೇ ಮನೆಯಲ್ಲಿ ಒಕ್ಕಲಿರುವುದು ಈಗ ಬಲು ವಿರಳವಾಗಿದೆ. ಅಗ್ಗವೂ ಹಗುರವೂ ಆದುದರಲ್ಲಿ ಉಲ್ಲಾಸ ಕಡಿಮೆ. ಹಗುರವೂ ಉಲ್ಲಾಸಕರವೂ ಆದುದರ ಬೆಲೆ ಹೆಚ್ಚು. ಹಳೆಯ ಹಗುರ ಕಾರಿನ ಮೇಲೆ ಆಸೆಪಡುವ ತರುಣರು ಅದನ್ನು ಭಾನುವಾರದ ಬೆಳಗಿಗೆ, ನಿರ್ಜನವಾದ ಹಾದಿಗೆ ಇರಿಸಿಕೊಳ್ಳಲಿ. ಮಕ್ಕಳೊಡನೆ ಹೆದ್ದಾರಿಗೆ ಹೋಗಲು ಅದು ತಕ್ಕುದಲ್ಲ. ಹೊಸ ಕಾರನ್ನು ಕೊಳ್ಳುವವರು ಢಿಕ್ಕಿ ಪರೀಕ್ಷೆಯ ನಕ್ಷತ್ರಗಳನ್ನು ಮೊದಲು ನೋಡಲಿ. ಅದರಲ್ಲಿ ಸಮನಾಗಿ ನಿಂತವುಗಳ ಪೈಕಿ ಕಡಿಮೆ ತೂಗುವುದನ್ನು ಆರಿಸಲಿ. ಎಣ್ಣೆ ಉಳಿಯುವುದು, ಟೈರು ಬಾಳುವುದು, ದಾರಿಹೋಕನಿಗೂ ಕ್ಷೇಮ, ನಡೆಸುವವನಿಗೂ ಸುಖ. ತೂಕವೆಷ್ಟೆಂದು ನಾಲ್ಕು ಮಂದಿ ಕೇಳತೊಡಗಿದರೆ, ತಯಾರಿಸುವವರೂ ಅದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಳ್ಳದೆ ಇರಲಾರರು.